ಡಿಡಿರೆಸ್ಕ್ಯೂ: ರೇಡ್ ಮಲಗಿದಾಗ ನಮ್ಮ ಪ್ರೆಸ್ಸಿನ ಫೈಲುಗಳನ್ನು ಉಳಿಸಿಕೊಟ್ಟ ಸಾಫ್ಟ್‌ವೇರ್

ಮೊದಲೇ ಹೇಳಿಬಿಡುತ್ತೇನೆ. ಹಾರ್ಡ್ ಡಿಸ್ಕ್ ಕೆಟ್ಟಿದೆ, ಒಳಗಿನ ಫೈಲುಗಳು ಬೇಕೇ ಬೇಕು, ಆದರೆ ಡಿಸ್ಕ್ ಇನ್ನೂ ತಿರುಗುತ್ತಿದೆ, ಟಕ್ ಟಕ್ ಎಂದು ಬಡಿದುಕೊಳ್ಳುತ್ತಿಲ್ಲ ಅಂತಾದರೆ, ಬೇರೆ ಏನನ್ನೂ ಮುಟ್ಟುವ ಮೊದಲು ಓಡಿಸಬೇಕಾದ ಸಾಫ್ಟ್‌ವೇರ್ ಜಿಎನ್‌ಯು ಡಿಡಿರೆಸ್ಕ್ಯೂ. ಒಂದು ರೂಪಾಯಿ ಕೊಡಬೇಕಿಲ್ಲ. ಬಟನ್ ಇಲ್ಲ, ಬಣ್ಣ ಇಲ್ಲ, ಕಪ್ಪು ಪರದೆಯ ಮೇಲೆ ಹತ್ತು ಹನ್ನೆರಡು ಸಾಲು ಅಕ್ಷರ ಅಷ್ಟೇ. ಆದರೂ ಹಾಸನದಲ್ಲಿರುವ ನಮ್ಮ ಪ್ರೆಸ್ಸಿನ ನಾಲ್ಕು ಡಿಸ್ಕಿನ ರೇಡ್ (ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಡಿಸ್ಕಿನಂತೆ ಓಡಿಸುವ ವ್ಯವಸ್ಥೆ) ಪೆಟ್ಟಿಗೆ ಪೂರ್ತಿ ಮಲಗಿದಾಗ, ವರ್ಷಗಟ್ಟಲೆಯ ಕೆಲಸವನ್ನು ಕೈಗೆ ವಾಪಸ್ ಕೊಟ್ಟದ್ದು ಇದೇ. ನನ್ನ ಪಾಲಿಗೆ ಐದಕ್ಕೆ ಐದು ಅಂಕ. ಎಲ್ಲಿ ಕಷ್ಟ ಕೊಡುತ್ತದೆ, ಎಲ್ಲಿ ಇದನ್ನು ಬಳಸಲೇಬಾರದು ಅನ್ನುವುದನ್ನೂ ಬರೆಯುತ್ತೇನೆ, ಯಾಕೆಂದರೆ ಕೆಟ್ಟ ಡಿಸ್ಕ್ ಕೈಯಲ್ಲಿ ಹಿಡಿದು ನಿಂತವರಿಗೆ ಸುಮ್ನೆ ಹೊಗಳಿಕೆ ಓದಿ ಏನೂ ಉಪಯೋಗ ಇಲ್ಲ.

ನಮ್ಮದು ದೊಡ್ಡ ಪ್ರೆಸ್ ಅಲ್ಲ. ಮದುವೆ ಕಾರ್ಡು, ಜಾತ್ರೆ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಬಿಲ್ ಬುಕ್ಕು, ಶಾಲೆಗಳ ಸ್ಮರಣ ಸಂಚಿಕೆ. ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಬೇಲೂರು, ಸಕಲೇಶಪುರ, ಅರಕಲಗೂಡು ಕಡೆಯಿಂದ ಬರುವ ಗಿರಾಕಿಗಳು ಹೇಳುವ ಮಾತು ಒಂದೇ, "ಹೋದ ವರ್ಷದ್ದೇ ಇರಲಿ, ತಾರೀಕು ಮಾತ್ರ ಬದಲಿಸಿ." ಆ ಹೋದ ವರ್ಷದ ಫೈಲೇ ನಮ್ಮ ಬಂಡವಾಳ. ನುಡಿ, ಶ್ರೀಲಿಪಿಯಲ್ಲಿ ಕೂತು ಒಂದೊಂದೇ ಅಕ್ಷರ ಟೈಪ್ ಮಾಡಿದ ಪುಟಗಳು, ಪೇಜ್‌ಮೇಕರ್ ಕಾಲದಿಂದ ಬಂದವು, ಕೋರೆಲ್ ಡ್ರಾದಲ್ಲಿ ಬಿಡಿಸಿದ ದೇವಸ್ಥಾನದ ಗೋಪುರಗಳು, ಎಲ್ಲ ಗಿರಾಕಿಯ ಹೆಸರು, ವರ್ಷ ಹಾಕಿ ಫೋಲ್ಡರ್ ಮಾಡಿಟ್ಟಿದ್ದೆವು. ಇದೆಲ್ಲ ಕೂತಿದ್ದು ಮೂಲೆಯಲ್ಲಿದ್ದ ನಾಲ್ಕು ಡಿಸ್ಕಿನ ಒಂದು ನ್ಯಾಸ್ ಪೆಟ್ಟಿಗೆಯಲ್ಲಿ, ಅಂದರೆ ನೆಟ್‌ವರ್ಕಿಗೆ ಸಿಕ್ಕಿಸಿ ಎಲ್ಲ ಕಂಪ್ಯೂಟರುಗಳೂ ಬಳಸುವ ಡಿಸ್ಕ್ ಪೆಟ್ಟಿಗೆಯಲ್ಲಿ. ತಲಾ 4 ಟಿಬಿ, ರೇಡ್ 5, ಒಂದು ಡಿಸ್ಕಿನಷ್ಟು ಜಾಗ ಪಾರಿಟಿಗೆ, ಅಂದರೆ ಕಳೆದದ್ದನ್ನು ಮತ್ತೆ ಹುಟ್ಟಿಸುವ ಲೆಕ್ಕಕ್ಕೆ, ಹೋಗಿ ಬಳಸಲು ಸಿಗುವುದು 12 ಟಿಬಿ. ಪೆಟ್ಟಿಗೆಯ ಕಂಪನಿ ಹೆಸರು ಬೇಡ.

ಆದದ್ದು ಇಷ್ಟು. ಮೂರನೇ ಡಿಸ್ಕ್ ಎಷ್ಟೋ ತಿಂಗಳ ಹಿಂದೆಯೇ ಗುಂಪಿನಿಂದ ಹೊರಬಿದ್ದಿತ್ತು. ಒಂದು ಡಿಸ್ಕ್ ಇಲ್ಲದಿದ್ದರೂ ರೇಡ್ 5 ಓಡುತ್ತಲೇ ಇರುತ್ತದಲ್ಲ, ಹಾಗೆ ಓಡುತ್ತಿತ್ತು. ಭರಣಿ ಮಳೆಯ ಸಂಜೆ, ಗುಡುಗು ಸಿಡಿಲು, ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡಿತು. ಮತ್ತೆ ಆನ್ ಮಾಡಿದಾಗ ಮೊದಲನೇ ಡಿಸ್ಕೂ ಕೆಂಪು ದೀಪ ತೋರಿಸಿತು. ಎರಡು ಡಿಸ್ಕ್ ಹೋದರೆ ರೇಡ್ 5 ಕಥೆ ಮುಗಿಯಿತು ಅಂತ ಲೆಕ್ಕ. ಒಂದೂ ಫೋಲ್ಡರ್ ಕಾಣಲಿಲ್ಲ.

ಊರಲ್ಲಿ ಕೇಳಿದೆವು. ಒಂದು ಅಂಗಡಿಯವರು, ಹೊಸ ಡಿಸ್ಕ್ ಹಾಕಿ ಪೆಟ್ಟಿಗೆಯನ್ನು ಹೊಸದಾಗಿ ಇನಿಶಿಯಲೈಸ್ ಮಾಡಿ, ಆಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸೋಣ ಅಂದರು. ದಯವಿಟ್ಟು ಈ ಮಾತನ್ನು ಯಾರೇ ಹೇಳಿದರೂ ಕೇಳಬೇಡಿ. ಇನಿಶಿಯಲೈಸ್ ಅಂದರೆ ಹೊಸ ರೇಡ್ ಕಟ್ಟುವುದು. ಹಳೆಯ ಡಿಸ್ಕುಗಳ ಮೇಲೆ ಹೊಸ ಲೆಕ್ಕ ಬರೆಯುತ್ತದೆ, ಪಾರಿಟಿಯನ್ನು ಮೊದಲಿನಿಂದ ಕೂಡಿ ಬರೆಯಲು ಶುರು ಮಾಡಿದರೆ ಇದ್ದದ್ದನ್ನೂ ಅಳಿಸುತ್ತಾ ಹೋಗುತ್ತದೆ. ಇನ್ನೊಂದು ಅಂಗಡಿಯವರು ಒಳ್ಳೆಯ ಸ್ಥಿತಿಯಲ್ಲಿದ್ದ ಒಂದು ಡಿಸ್ಕನ್ನು ಮಾತ್ರ ಸಿಕ್ಕಿಸಿ ಫೋಟೋ ಹುಡುಕುವ ಸಾಫ್ಟ್‌ವೇರ್ ಓಡಿಸಿ ತೋರಿಸಿದರು. ಸಣ್ಣ ಚಿತ್ರಗಳು ಬಂದವು. ದೊಡ್ಡವೆಲ್ಲ ಮೇಲೆ ಒಂದು ಪಟ್ಟಿ ಸರಿ, ಕೆಳಗೆಲ್ಲ ಬೂದು ಬಣ್ಣ. ಕಾರಣ ಸರಳ. ರೇಡ್ 5 ಒಂದು ಫೈಲನ್ನು ಒಂದೇ ಡಿಸ್ಕಿನಲ್ಲಿ ಇಡುವುದಿಲ್ಲ. ನಮ್ಮದರಲ್ಲಿ 64 ಕೆಬಿ ತುಂಡು ಮಾಡಿ ಒಂದು ತುಂಡು ಇಲ್ಲಿ, ಮುಂದಿನದು ಅಲ್ಲಿ ಅಂತ ಹಂಚುತ್ತದೆ. 64 ಕೆಬಿಗಿಂತ ದೊಡ್ಡದು ಒಂದೇ ಡಿಸ್ಕಿನಲ್ಲಿ ಇಡಿಯಾಗಿ ಸಿಗುವ ಮಾತೇ ಇಲ್ಲ. ಬೆಂಗಳೂರಿನ ಒಂದು ಲ್ಯಾಬಿಗೂ ಫೋನ್ ಮಾಡಿದೆವು. ಅವರು ಸರಿಯಾಗಿ ಮಾತಾಡಿದರು, ನಾಲ್ಕೂ ಡಿಸ್ಕ್ ಕಳಿಸಿ, ಏನನ್ನೂ ಓಡಿಸಬೇಡಿ ಅಂದರು. ಬೆಲೆ ಮಾತ್ರ ನಮ್ಮ ಮಾಲೀಕರ ಕೈಗೆ ನಿಲುಕುವಂಥದ್ದಲ್ಲ.

ಮಾಲೀಕರ ಮಗಳು ಸಾಲಗಾಮೆ ರಸ್ತೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವಳು, ವಿಂಡೋಸ್ ಬದಲು ಬಳಸುವ ಉಚಿತ ಲಿನಕ್ಸ್ ಚೆನ್ನಾಗಿ ಗೊತ್ತು. ಅವಳೂ ನಾನೂ ಕೂತೆವು. ಅವಳು ಹಾಕಿದ ನಿಯಮ ಒಂದೇ. ಮೂಲ ಡಿಸ್ಕಿನ ಮೇಲೆ ಒಂದಕ್ಷರವೂ ಬರೆಯಬಾರದು. ಮೊದಲು ನಕಲು, ಪ್ರಯೋಗವೆಲ್ಲ ನಕಲಿನ ಮೇಲೆ. ಡಿಸ್ಕುಗಳನ್ನು ಹೊರಗೆ ತೆಗೆಯುವಾಗಲೇ ಮಾರ್ಕರ್ ಪೆನ್ನಿನಲ್ಲಿ 1, 2, 3, 4 ಎಂದು ಬರೆದು, ಸೀರಿಯಲ್ ನಂಬರಿನ ಫೋಟೋ ತೆಗೆದುಕೊಂಡೆವು. ಇದು ಸಣ್ಣ ಕೆಲಸ ಅನಿಸಬಹುದು, ಆಮೇಲೆ ಬೆಲೆ ಗೊತ್ತಾಗುತ್ತದೆ.

ಇಲ್ಲಿ ರೀಬಿಲ್ಡ್, ಅಂದರೆ ಹೋದ ಡಿಸ್ಕಿನ ಜಾಗಕ್ಕೆ ಹೊಸದು ಹಾಕಿ ಅದರಲ್ಲಿದ್ದದ್ದನ್ನು ಮತ್ತೆ ತುಂಬಿಸುವುದರ ಬಗ್ಗೆ ಒಂದು ಮಾತು. ರೇಡ್ 5ರ ಪಾರಿಟಿ ಅಂದರೆ ಎಕ್ಸ್‌ಓಆರ್ ಲೆಕ್ಕ. ಮೂರು ತುಂಡಿಗೆ ಒಂದು ಪಾರಿಟಿ ತುಂಡು. ನಾಲ್ಕರಲ್ಲಿ ಯಾವುದೇ ಒಂದು ಹೋದರೂ ಉಳಿದ ಮೂರರಿಂದ ಅದನ್ನು ಮತ್ತೆ ಹುಟ್ಟಿಸಬಹುದು. ಆದರೆ ಆ ಮೂರೂ ಸರಿಯಾಗಿ ಓದಬೇಕು. ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಕೊಟ್ಟರೆ ಉಳಿದ ಡಿಸ್ಕುಗಳನ್ನು ಮೊದಲ ಸೆಕ್ಟರಿನಿಂದ (ಡಿಸ್ಕ್ ಓದುವ ಅತಿ ಸಣ್ಣ ತುಂಡು) ಕೊನೆಯವರೆಗೆ ಓದುತ್ತದೆ, ಖಾಲಿ ಜಾಗವನ್ನೂ ಬಿಡುವುದಿಲ್ಲ. ನಮ್ಮ ಲೆಕ್ಕದಲ್ಲಿ 12 ಟಿಬಿ. ಮನೆಬಳಕೆಯ ಎಷ್ಟೋ ಡಿಸ್ಕುಗಳ ವಿವರ ಪತ್ರದಲ್ಲಿ ಓದಲಾಗದ ತಪ್ಪು 10ರ 14ನೇ ಘಾತದಷ್ಟು ಬಿಟ್‌ಗೆ ಒಂದಕ್ಕಿಂತ ಕಡಿಮೆ ಎಂದು ಬರೆದಿರುತ್ತಾರೆ, ಅಂದರೆ ಸುಮಾರು 12.5 ಟಿಬಿ. ನಿಜದಲ್ಲಿ ಒಳ್ಳೆಯ ಡಿಸ್ಕುಗಳು ಅದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೆ ಒಂದೇ ದಿನ ಕೊಂಡ, ಒಂದೇ ಸಮ ಓಡಿದ ನಾಲ್ಕು ಡಿಸ್ಕುಗಳಲ್ಲಿ ಒಂದು ಸತ್ತಾಗ ಉಳಿದವೂ ಅಷ್ಟೇ ಹಳೆಯವು, ಅಲ್ವಾ? ಅದಕ್ಕೇ ರೀಬಿಲ್ಡ್ ಮಾಡುವಾಗಲೇ ಎರಡನೇ ಡಿಸ್ಕ್ ಕೈಕೊಡುವುದು.

ಈಗ ಸಾಫ್ಟ್‌ವೇರ್ ವಿಷಯ. ಡಿಡಿರೆಸ್ಕ್ಯೂ ಬರೆದವರು ಆಂಟೋನಿಯೋ ಡಿಯಾಜ್ ಡಿಯಾಜ್. 2004ರಿಂದ ಇದೆ, ಜಿಪಿಎಲ್ ಪರವಾನಗಿ. ಮಾಡುವ ಕೆಲಸ ಒಂದೇ, ಡಿಸ್ಕಿನಿಂದ ಡಿಸ್ಕಿಗೋ, ಇಡೀ ಡಿಸ್ಕನ್ನು ಒಂದೇ ಫೈಲಾಗಿ ಇಡುವ ಇಮೇಜ್ ಫೈಲಿಗೋ ನಕಲು. ಸಾಮಾನ್ಯ ಕಾಪಿ ಮಾಡುವ ಸಾಫ್ಟ್‌ವೇರ್ ಓದಲಾಗದ ಜಾಗ ಸಿಕ್ಕರೆ ಅಲ್ಲೇ ತಲೆ ಕುಟ್ಟಿಕೊಂಡು ನಿಲ್ಲುತ್ತದೆ. ಆ ತಲೆ ಕುಟ್ಟುವಿಕೆಯೇ ಸಾಯುತ್ತಿರುವ ಡಿಸ್ಕನ್ನು ಪೂರ್ತಿ ಕೊಲ್ಲುವುದು. ಡಿಡಿರೆಸ್ಕ್ಯೂ ಹಾಗಲ್ಲ. ಮಳೆನೀರು ಬಿದ್ದು ಪುಟ ಅಂಟಿಕೊಂಡ ಲೆಕ್ಕದ ಪುಸ್ತಕವನ್ನು ತಿಳಿದವರು ಬಿಡಿಸುವ ಹಾಗೆ, ಮೊದಲು ಸುಲಭವಾಗಿ ಬರುವುದನ್ನೆಲ್ಲ ತೆಗೆದುಕೊಂಡು, ಅಂಟಿದ ಜಾಗವನ್ನು ಹಾರಿ ಮುಂದೆ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಹಿಮ್ಮುಖವಾಗಿ, ಕೊನೆಯಿಂದ ಮೊದಲಿಗೆ ಬರುತ್ತದೆ. ಆಮೇಲೆ ಹಾರಿದ ಜಾಗದ ಅಂಚುಗಳನ್ನು ಕತ್ತರಿಸುತ್ತದೆ, ಕೊನೆಗೆ ಒಂದೊಂದೇ ಸೆಕ್ಟರ್ ಕೆರೆದು ಓದುತ್ತದೆ. ಡಿಸ್ಕಿಗೆ ಉಳಿದ ಆಯಸ್ಸು ಎಷ್ಟೋ ಯಾರಿಗೂ ಗೊತ್ತಿಲ್ಲವಾದ್ದರಿಂದ ಜಾಸ್ತಿ ಸಿಗುವುದನ್ನು ಮೊದಲು ತೆಗೆದುಕೋ ಅನ್ನುವ ಈ ಕ್ರಮ ಬಹಳ ಯೋಚಿಸಿ ಮಾಡಿದ್ದು.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮ್ಯಾಪ್ ಫೈಲ್. ಹಳೆಯ ಲೇಖನಗಳಲ್ಲಿ ಇದನ್ನೇ ಲಾಗ್ ಫೈಲ್ ಅಂತಿದ್ದರು. ಯಾವ ಜಾಗ ಓದಿ ಆಯಿತು, ಯಾವುದನ್ನು ಇನ್ನೂ ಮುಟ್ಟಿಲ್ಲ, ಯಾವುದು ಕೆಟ್ಟಿದೆ ಅಂತ ಒಂದು ಸಣ್ಣ ಪಠ್ಯ ಫೈಲಿನಲ್ಲಿ ಬರೆಯುತ್ತಾ ಹೋಗುತ್ತದೆ. ಕರೆಂಟ್ ಹೋದರೆ, ಕಂಪ್ಯೂಟರ್ ಸಿಕ್ಕಿಹಾಕಿಕೊಂಡರೆ, ನೀವೇ ನಿಲ್ಲಿಸಿದರೆ, ಅದೇ ಆದೇಶವನ್ನು ಮತ್ತೆ ಕೊಡಿ ಸಾಕು, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮುಂಗಾರಿನ ಮುಂಚೆ ಹಾಸನದಲ್ಲಿ 4 ಟಿಬಿ ನಕಲು ಮಾಡಲು ಕೂತವರಿಗೆ ಇದರ ಅರ್ಥ ಏನು ಅಂತ ಬೇರೆ ವಿವರಿಸಬೇಕಿಲ್ಲ. ನಮ್ಮ ಯುಪಿಎಸ್ ಎರಡು ಸಲ ಕೈಬಿಟ್ಟಿತು. ಎರಡು ಸಲವೂ ಬಹುತೇಕ ಏನೂ ನಷ್ಟ ಆಗಲಿಲ್ಲ. ಮ್ಯಾಪ್ ಫೈಲ್ ಹೆಸರು ಕೊಡದೆಯೂ ಇದು ಓಡುತ್ತದೆ, ಆದರೆ ಹಾಗೆ ಓಡಿಸಬೇಡಿ. ಆಗ ನಿಂತರೆ ಮತ್ತೆ ಮೊದಲಿನಿಂದ.

ವೇಗ ಹೇಗೆ? ಆರೋಗ್ಯವಾಗಿರುವ ಡಿಸ್ಕ್ ಸೆಕೆಂಡಿಗೆ ಸರಾಸರಿ 150 ಎಂಬಿ ಕೊಟ್ಟರೆ 4 ಟಿಬಿಗೆ ಏಳೂವರೆ ಗಂಟೆ. ಎರಡು ಮತ್ತು ನಾಲ್ಕನೇ ಡಿಸ್ಕ್ ಹೆಚ್ಚು ಕಡಿಮೆ ಹಾಗೇ ಆದವು. ಮೊದಲನೆಯದು, ಅಂದರೆ ಪೆಟ್ಟು ತಿಂದದ್ದು, ಮುಕ್ಕಾಲು ಭಾಗ ಸರಾಗ ಓಡಿ ಆಮೇಲೆ ಕೆಬಿ ಲೆಕ್ಕಕ್ಕೆ ಇಳಿಯಿತು. ಮೊದಲ ಸುತ್ತಿಗೆ ಎನ್ (-n, ಸಣ್ಣ ಅಕ್ಷರ) ಅನ್ನುವ ಆಯ್ಕೆ ಕೊಟ್ಟಿದ್ದೆವು, ಅದು ಕೆರೆಯುವ ಹಂತವನ್ನು ಮುಂದಕ್ಕೆ ಹಾಕುತ್ತದೆ. ಬೇಗ ಸಿಗುವುದು ಸಿಕ್ಕಿದ ಮೇಲೆ ಎರಡನೇ ಸಲ ಆ ಆಯ್ಕೆ ತೆಗೆದು, ಮೂರು ಸಲ ಮರುಪ್ರಯತ್ನ ಮಾಡು ಅಂತ ಹೇಳಿ ಬಿಟ್ಟೆವು. ಆ ರಾತ್ರಿ ಪ್ರೆಸ್ಸಿನಲ್ಲೇ ಮಲಗಿದ್ದೆ, ಪರದೆಯ ಅಂಕಿ ನೋಡುತ್ತಾ. ಒಂದೊಂದು ಸೆಕ್ಟರ್ ಬಂದಾಗಲೂ ಯಾರದ್ದೋ ಮದುವೆ ಕಾರ್ಡು ಉಳಿಯಿತು ಅನಿಸುತ್ತಿತ್ತು.

ಕೊನೆಗೆ 99.99 ಶೇಕಡಾ ಅಂತ ತೋರಿಸಿತು. ಈ ಅಂಕಿ ನೋಡಿ ಕುಣಿಯಬೇಡಿ. 4 ಟಿಬಿಯಲ್ಲಿ 0.01 ಶೇಕಡಾ ಅಂದರೆ 400 ಎಂಬಿ. ನೋಡಬೇಕಾದದ್ದು ಪಕ್ಕದಲ್ಲಿ ಕೆಟ್ಟ ಜಾಗ ಎಷ್ಟು ಅಂತ ಬೇರೆಯಾಗಿ ತೋರಿಸುವ ಸಾಲು. ನಮ್ಮದರಲ್ಲಿ ಅದು ಕೆಲವೇ ಎಂಬಿ ಇತ್ತು.

ಒಂದು ವಿಷಯ ಸ್ಪಷ್ಟ ಇರಲಿ. ಡಿಡಿರೆಸ್ಕ್ಯೂಗೆ ರೇಡ್ ಅಂದರೆ ಏನು ಅಂತ ಗೊತ್ತಿಲ್ಲ, ಫೈಲ್ ಅಂದರೆ ಏನು ಅಂತಲೂ ಗೊತ್ತಿಲ್ಲ. ನಕಲು ಸಿಕ್ಕ ಮೇಲೆ ಜೋಡಿಸುವ ಕೆಲಸ ಎಂಡಿಆಡ್ಮ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರಿನದು. ಸಿನಾಲಜಿ, ಕ್ಯೂನ್ಯಾಪ್ ಥರದ ಹೆಚ್ಚಿನ ನ್ಯಾಸ್ ಪೆಟ್ಟಿಗೆಗಳ ಒಳಗೆ ಇರುವುದು ಲಿನಕ್ಸಿನ ಈ ಎಂಡಿ ರೇಡ್ ವ್ಯವಸ್ಥೆಯೇ, ಹಾಗಾಗಿ ಡಿಸ್ಕ್ ಓದಲು ಅದೇ ಪೆಟ್ಟಿಗೆಯೇ ಬೇಕು ಅಂತೇನಿಲ್ಲ. ಪ್ರತಿ ಡಿಸ್ಕಿನ ಮೇಲೂ ಒಂದು ಗುರುತಿನ ಚೀಟಿ ಇರುತ್ತದೆ. ರೇಡ್ ಯಾವ ಬಗೆ, ತುಂಡಿನ ಗಾತ್ರ ಎಷ್ಟು, ಈ ಡಿಸ್ಕ್ ಎಷ್ಟನೆಯದು, ಕೊನೆಯ ಸಲ ಬರೆದದ್ದು ಯಾವಾಗ, ಈವೆಂಟ್ ಎಣಿಕೆ (ರೇಡ್‌ನಲ್ಲಿ ಬದಲಾವಣೆ ಆದಂತೆಲ್ಲ ಏರುವ ಅಂಕಿ) ಎಷ್ಟು. ಆ ಎಣಿಕೆ ನೋಡಿದ ಕೂಡಲೇ ನಡೆದದ್ದೆಲ್ಲ ಗೊತ್ತಾಯಿತು. 2 ಮತ್ತು 4ನೇ ಡಿಸ್ಕಿನ ಎಣಿಕೆ ಒಂದೇ. 1ನೆಯದು ಸ್ವಲ್ಪವೇ ಹಿಂದೆ. 3ನೆಯದು ಬಹಳ ಹಿಂದೆ, ಅದರ ಕೊನೆಯ ತಾರೀಕು ಗಣೇಶನ ಹಬ್ಬದ ಸುಮಾರಿನದು. ಹಾಗಾಗಿ 3ನ್ನು ಹೊರಗಿಟ್ಟು 1, 2, 4ನ್ನು ಜೋಡಿಸಬೇಕು. ಎಣಿಕೆ ಸ್ವಲ್ಪ ವ್ಯತ್ಯಾಸ ಇರುವುದರಿಂದ ಎಂಡಿಆಡ್ಮ್ ಒಪ್ಪುವುದಿಲ್ಲ, ಫೋರ್ಸ್ ಆಯ್ಕೆ ಕೊಡಬೇಕು. ಹಾಗೆ ಕೊಟ್ಟಾಗ ಅದು ಗುರುತಿನ ಚೀಟಿಯನ್ನು ತಿದ್ದಿ ಬರೆಯುತ್ತದೆ. ನಕಲು ಮೊದಲು ಅಂತ ಹಠ ಹಿಡಿದದ್ದು ಇದಕ್ಕೇ. ಆ ಹುಡುಗಿ ನಕಲಿನ ಮೇಲೂ ಓವರ್‌ಲೇ ಹಾಕಿದಳು, ಬರೆಯುವುದೆಲ್ಲ ಬೇರೆ ಸಣ್ಣ ಫೈಲಿಗೆ ಹೋಗುವ ಹಾಗೆ. ಆ ಸಣ್ಣ ಫೈಲನ್ನು ಅಳಿಸಿದರೆ ಏನೂ ಆಗೇ ಇಲ್ಲ ಅನ್ನುವ ಸ್ಥಿತಿಗೆ ವಾಪಸ್. ಆಮೇಲೆ ಒಳಗಿನ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯನ್ನು ಓದಲು ಮಾತ್ರ, ಅದರ ಜರ್ನಲ್ (ಬರೆಯುವ ಮುನ್ನ ಗುರುತು ಹಾಕಿಕೊಳ್ಳುವ ದಾಖಲೆ) ಮುಟ್ಟದೆ ಅಂತ ಹೇಳಿ ತೆರೆದೆವು. ಫೋಲ್ಡರುಗಳು ಬಂದವು. ಹೆಸರು, ವರ್ಷ ಎಲ್ಲ ಇದ್ದ ಹಾಗೇ. ಮಾಲೀಕರು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದರು.

ಕೆಟ್ಟ ಸೆಕ್ಟರುಗಳು ಯಾವ ಫೈಲಿನ ಪಾಲಿಗೆ ಬಂದವು ಅಂತ ತಿಳಿಯುವುದು ಹೇಗೆ? ಇದಕ್ಕೂ ಡಿಡಿರೆಸ್ಕ್ಯೂನಲ್ಲಿ ದಾರಿ ಇದೆ. ಫಿಲ್ ಅನ್ನುವ ಬಗೆ ಓಡಿಸಿದರೆ ಮ್ಯಾಪಿನಲ್ಲಿ ಕೆಟ್ಟದ್ದು ಎಂದಿರುವ ಜಾಗಗಳಿಗೆ ಮಾತ್ರ ನಾವು ಕೊಟ್ಟ ಪದವನ್ನು ತುಂಬುತ್ತದೆ. ಆಮೇಲೆ ಎಲ್ಲ ಫೈಲುಗಳಲ್ಲಿ ಆ ಪದ ಹುಡುಕಿದರೆ ಗಾಯ ಆದವು ಸಿಗುತ್ತವೆ. ಇದಕ್ಕೆ ಇಮೇಜಿನ ಇನ್ನೊಂದು ಪ್ರತಿ ಬಳಸಿ. ಒಂದು ಕೊರತೆ ಇದೆ, ಕೆಟ್ಟ ತುಂಡು ಪಾರಿಟಿಯದ್ದಾಗಿದ್ದರೆ ಪದ ಸೀದಾ ಕಾಣುವುದಿಲ್ಲ, 3ನೇ ಡಿಸ್ಕ್ ಜಾಗದಲ್ಲಿ ಲೆಕ್ಕ ಹಾಕಿ ಹುಟ್ಟಿಸಿದ ತುಂಡು ಹಾಳಾಗಿರುತ್ತದೆ. ಅಂಥವನ್ನು ಫೈಲ್ ತೆರೆದು ನೋಡಿಯೇ ಹಿಡಿಯಬೇಕಾಯಿತು.

ಗಾಯವಾದವುಗಳಲ್ಲೂ ಹೆಚ್ಚಿನವು ಉಳಿದವು. ಹೊರಬಿದ್ದಿದ್ದ 3ನೇ ಡಿಸ್ಕ್ ಹಳೆಯದು ನಿಜ, ಆದರೆ ಗಣೇಶನ ಹಬ್ಬದ ಮೊದಲು ಬರೆದು ಆಮೇಲೆ ಮುಟ್ಟದ ಜಾಗಗಳಲ್ಲಿ ಅದರಲ್ಲಿರುವುದು ಇವತ್ತಿಗೂ ಸರಿಯೇ. ಹಾಗಾಗಿ ಎರಡನೇ ಸಲ 1ನ್ನು ಬಿಟ್ಟು 2, 3, 4ರ ನಕಲುಗಳನ್ನು ಜೋಡಿಸಿದೆವು. ಹೊಸ ಫೈಲುಗಳೆಲ್ಲ ಚಿಂದಿ, ಕೆಲವು ಫೋಲ್ಡರ್ ತೆರೆಯಲೇ ಇಲ್ಲ. ಆದರೆ ನಮಗೆ ಬೇಕಿದ್ದ ಹಳೆಯ ಫೈಲುಗಳಲ್ಲಿ ಬಹಳಷ್ಟು ಅಲ್ಲಿ ಇಡಿಯಾಗಿ ಸಿಕ್ಕವು. ಹೊರಬಿದ್ದ ಡಿಸ್ಕನ್ನು ಕಸ ಅಂತ ಎಸೆಯಬೇಡಿ. ಕೊನೆಗೆ ನಿಜವಾಗಿ ಹೋದದ್ದು ಈ ವರ್ಷ ಮಾಡಿದ ಒಂದಿಷ್ಟು ಚಿತ್ರಗಳು ಮತ್ತು ಒಂದು ಶಾಲೆಯ ಸಂಚಿಕೆಯ ಕೆಲವು ಪುಟಗಳು. ಅವನ್ನು ಮತ್ತೆ ಟೈಪ್ ಮಾಡಿದ್ದೇವೆ.

ಈಗ ಕೊರತೆಗಳು. ಆದೇಶದಲ್ಲಿ ಮೊದಲು ಮೂಲ, ಆಮೇಲೆ ನಕಲು ಹೋಗುವ ಜಾಗ. ಇದು ತಿರುಗುಮುರುಗಾದರೆ ಖಾಲಿ ಡಿಸ್ಕನ್ನು ನಿಮ್ಮ ಡೇಟಾ ಮೇಲೆ ಬರೆದಂತೆ. ಡಿಸ್ಕಿನ ಮೇಲೆ ನೇರ ಬರೆಯಲು ಎಫ್ (-f, ಸಣ್ಣ ಅಕ್ಷರ) ಆಯ್ಕೆ ಕೊಡಲೇಬೇಕು ಅನ್ನುವ ಒಂದು ತಡೆ ಇದೆ, ಅದು ಸಾಲದು. ಸೀರಿಯಲ್ ನಂಬರ್ ನೋಡಿ, ಇಬ್ಬರು ಓದಿ, ಆಮೇಲೆ ಎಂಟರ್ ಒತ್ತಿ. ಇಮೇಜ್ ಫೈಲಿಗೆ ನಕಲು ಮಾಡುವುದು ಇನ್ನೂ ಕ್ಷೇಮ, ಆದರೆ 4 ಟಿಬಿ ಡಿಸ್ಕಿನ ಇಮೇಜ್ ಇನ್ನೊಂದು 4 ಟಿಬಿ ಡಿಸ್ಕಿನಲ್ಲಿ ಹಿಡಿಯುವುದಿಲ್ಲ, ಅದಕ್ಕಿಂತ ದೊಡ್ಡದು ಬೇಕು. ಸಾಫ್ಟ್‌ವೇರ್ ಉಚಿತ, ಜಾಗ ಉಚಿತ ಅಲ್ಲ. ನಮ್ಮ ಖರ್ಚೆಲ್ಲ ಆದದ್ದು ದೊಡ್ಡ ಡಿಸ್ಕುಗಳಿಗೇ, ಅವೇ ಈಗ ಬ್ಯಾಕಪ್ ಆಗಿವೆ. ಅಗ್ಗದ ಯುಎಸ್‌ಬಿ ಡಾಕಿನಲ್ಲಿ ಕೆಟ್ಟ ಡಿಸ್ಕ್ ಸಿಕ್ಕಿಸಿದರೆ ಮಧ್ಯೆ ಮಧ್ಯೆ ಮಾಯವಾಗುತ್ತದೆ, ಕಂಪ್ಯೂಟರಿನ ಒಳಗಿನ ಸಾಟಾ ಕೇಬಲ್ಲಿಗೇ ಹಾಕಿ. ಇಂಗ್ಲಿಷ್ ಕೈಪಿಡಿ ದೊಡ್ಡದಾಗಿಯೂ ಚೆನ್ನಾಗಿಯೂ ಇದೆ, ಕನ್ನಡದಲ್ಲಿ ನಮಗೆ ಏನೂ ಸಿಗಲಿಲ್ಲ. ನಾನು ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೂ ಹೌದು.

ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ, ಕೆರೆಯುವ ಸದ್ದು ಬರುತ್ತಿದ್ದರೆ, ಕೆಳಗೆ ಬಿದ್ದಿದ್ದರೆ ಇದನ್ನು ಓಡಿಸಲೇಬೇಡಿ. ಒಳಗಿನ ತಟ್ಟೆಯನ್ನು ಓದುವ ಹೆಡ್ ಪೆಟ್ಟು ತಿಂದಿರುತ್ತದೆ, ತಿರುಗಿದಷ್ಟೂ ತಟ್ಟೆಯ ಮೇಲಿನ ಪದರ ಕೆರೆದುಹೋಗುತ್ತದೆ. ತಕ್ಷಣ ಪವರ್ ತೆಗೆದು ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಲ್ಯಾಬಿಗೆ ಕೊಡಿ, ಅವರು ಕೇಳುವ ಹಣಕ್ಕೆ ಅಲ್ಲಿ ಅರ್ಥ ಇದೆ. ಫ್ರಿಜ್ಜಿನಲ್ಲಿಡಿ ಅನ್ನುವ ಸಲಹೆ ಕೇಳಬೇಡಿ, ತೇವ ಒಳಗೆ ಕೂರುತ್ತದೆ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಹಸಿರು ಬೋರ್ಡ್ ತೆಗೆದು ಹಾಕುವುದೂ ಈಗಿನ ಡಿಸ್ಕುಗಳಲ್ಲಿ ನಡೆಯುವುದಿಲ್ಲ, ಆ ಬೋರ್ಡಿನ ಚಿಪ್ಪಿನಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಹೊಂದುವ ಅಳತೆಗಳಿರುತ್ತವೆ.

ಬೇರೆ ಸಾಫ್ಟ್‌ವೇರುಗಳ ಬಗ್ಗೆ ಚಿಕ್ಕದಾಗಿ. ಫೋಟೋರೆಕ್ ಉಚಿತ, ಒಳ್ಳೆಯದು, ಆದರೆ ಫೈಲಿನ ಹೆಸರು, ಫೋಲ್ಡರ್ ಎಲ್ಲ ಹೋಗುತ್ತವೆ. ಸಾವಿರಾರು ಮದುವೆ ಕಾರ್ಡುಗಳು ಹೆಸರಿಲ್ಲದೆ ಬಂದರೆ ಪ್ರೆಸ್ಸಿನವರಿಗೆ ಬಂದೂ ಬಾರದ ಹಾಗೆ. ಗುರುತಿನ ಚೀಟಿಯೇ ಅಳಿಸಿಹೋಗಿ ಡಿಸ್ಕುಗಳ ಕ್ರಮ ಗೊತ್ತಿಲ್ಲದಿದ್ದರೆ ರಿಕ್ಲೈಮಿ ಫ್ರೀ ರೇಡ್ ರಿಕವರಿ ಅದನ್ನು ಲೆಕ್ಕ ಹಾಕಿ ಹೇಳುತ್ತದೆ. ಕಪ್ಪು ಪರದೆ ಕಂಡರೆ ಕೈ ನಡುಗುವವರಿಗೆ ಯುಎಫ್‌ಎಸ್ ಎಕ್ಸ್‌ಪ್ಲೋರರ್, ಆರ್ ಸ್ಟುಡಿಯೋ ಇವೆ, ದುಡ್ಡು ಕೊಡಬೇಕು, ಇಮೇಜುಗಳನ್ನು ಸೇರಿಸಿ ಏನನ್ನೂ ಬರೆಯದೆ ರೇಡ್ ಕಟ್ಟಿ ತೋರಿಸುತ್ತವೆ. ಇವುಗಳಲ್ಲಿ ಯಾವುದನ್ನೇ ಬಳಸಿದರೂ ಕೊಡಬೇಕಾದದ್ದು ಡಿಡಿರೆಸ್ಕ್ಯೂ ಮಾಡಿದ ನಕಲನ್ನು.

ನಮ್ಮ 1ನೇ ಡಿಸ್ಕ್ ಗುಂಪಿನಿಂದ ಬಿದ್ದದ್ದು ಯಾಕೆ ಅಂತ ಆಮೇಲೆ ಯೋಚಿಸಿದಾಗ ಒಂದು ವಿಷಯ ಸಿಕ್ಕಿತು. ಅದು ಮೇಜಿನ ಕಂಪ್ಯೂಟರಿಗೆ ಅಂತ ಮಾರುವ ಡಿಸ್ಕ್. ಅಂಥವು ಕೆಟ್ಟ ಸೆಕ್ಟರ್ ಸಿಕ್ಕರೆ ನಿಮಿಷಗಟ್ಟಲೆ ಅದನ್ನೇ ಓದಲು ನೋಡುತ್ತವೆ. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಡಿಸ್ಕ್ ಸತ್ತಿದೆ ಅಂದುಕೊಂಡು ರೇಡ್‌ನಿಂದ ಹೊರಹಾಕಬಹುದು. ನ್ಯಾಸ್‌ಗೆ ಅಂತಲೇ ಮಾಡಿದ ಡಿಸ್ಕುಗಳು ಸುಮಾರು 7 ಸೆಕೆಂಡಿಗೇ ಕೈಚೆಲ್ಲಿ ತಪ್ಪು ಒಪ್ಪಿಕೊಳ್ಳುತ್ತವೆ, ರೇಡ್ ಅದನ್ನು ಪಾರಿಟಿಯಿಂದ ಸರಿ ಮಾಡಿಕೊಳ್ಳುತ್ತದೆ. ಡಿಸ್ಕ್ ಕೊಳ್ಳುವಾಗ ಇದನ್ನು ಕೇಳಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 5, 197, 198 ಎಂಬ ಸಂಖ್ಯೆಯ ಸಾಲುಗಳನ್ನು (ಕೆಟ್ಟ ಸೆಕ್ಟರುಗಳ ಎಣಿಕೆ) ಆಗಾಗ ನೋಡಿ, ಸೊನ್ನೆಯಿಂದ ಏರತೊಡಗಿದರೆ ಡಿಸ್ಕ್ ಬದಲಿಸುವ ಹೊತ್ತು ಬಂದಿದೆ.

ಬೇಕಾದವರಿಗೆ: ಡೆಬಿಯನ್, ಉಬುಂಟು ಎಂಬ ಲಿನಕ್ಸುಗಳಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಮುಂದೆ ಒಂದು ಜಿ ಇದೆ, ಆದರೆ ಓಡಿಸುವಾಗ ಡಿಡಿರೆಸ್ಕ್ಯೂ ಅಂತಲೇ ಟೈಪ್ ಮಾಡಬೇಕು. ಮಧ್ಯದಲ್ಲಿ ಅಂಡರ್‌ಸ್ಕೋರ್ ಇರುವ ಡಿಡಿ_ರೆಸ್ಕ್ಯೂ ಬೇರೆಯವರು ಮಾಡಿದ ಬೇರೆ ಸಾಫ್ಟ್‌ವೇರ್, ಆಯ್ಕೆಗಳೂ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಕಂಪ್ಯೂಟರಿನಲ್ಲಿ ವಿಂಡೋಸ್ ಮಾತ್ರ ಇದ್ದರೆ ಸಿಸ್ಟಮ್‌ರೆಸ್ಕ್ಯೂ ಅನ್ನುವ ಲಿನಕ್ಸನ್ನು ಪೆನ್ ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ. ಡಿಡಿರೆಸ್ಕ್ಯೂ, ಎಂಡಿಆಡ್ಮ್, ಸ್ಮಾರ್ಟ್ ನೋಡುವ ಸಾಫ್ಟ್‌ವೇರ್ ಎಲ್ಲವೂ ಅದರಲ್ಲೇ ಇವೆ. ಈ ಡಿಸ್ಕುಗಳನ್ನು ಸಿಕ್ಕಿಸಿದಾಗ ವಿಂಡೋಸ್ ಫಾರ್ಮ್ಯಾಟ್ ಮಾಡಬೇಕೇ ಅಂತ ಕೇಳಿದರೆ ಬೇಡ ಅನ್ನಿ.